ಒಂದು ಗಾಡಿಯ ಮಂದಿ, ಎರಡು ದೋಣಿ

ನಮ್ಮ ಯಲಬುರ್ಗಾ ಕಡೆ ಯಾರಾದರೂ ‘ಕ್ರೂಸ್‌ನ್ಯಾಗ ಹೋಗಿದ್ವಿ’ ಅಂದರೆ ಹಡಗಿನಲ್ಲಿ ಹೋಗಿದ್ದರು ಅಂತ ಯಾರೂ ತಿಳಿಯುವುದಿಲ್ಲ. ಕ್ರೂಸರ್ ಗಾಡಿ ಅಂತಲೇ ತಿಳಿಯುತ್ತಾರೆ. ಮದುವೆಗೆ, ಹುಲಿಗೆಮ್ಮನ ಜಾತ್ರೆಗೆ, ಕೂಲಿಗೆ, ಹೆರಿಗೆಗೆ ಎಲ್ಲಕ್ಕೂ ಅದೇ ಗಾಡಿ. ಸೀಟು ಹತ್ತು ಹನ್ನೆರಡು ಇದ್ದರೂ ನಾವು ಹತ್ತುವುದು ಹದಿನೆಂಟು ಇಪ್ಪತ್ತು ಮಂದಿ. ಹಿಂದಿನ ಬಾಗಿಲಲ್ಲಿ ಇಬ್ಬರು ನಿಲ್ಲುತ್ತಾರೆ, ಹುಡುಗರು ತೊಡೆಯ ಮೇಲೆ, ಗಂಟುಮೂಟೆ ಕಾಲ ಬುಡಕ್ಕೆ. ‘ಸರೀರಿ, ಇನ್ನೊಬ್ಬರು ಹಿಡೀತಾರ’ ಅನ್ನುವುದು ನಮ್ಮ ಬಾಯಿಗೆ ಬಂದುಬಿಟ್ಟ ಮಾತು.

ರಸ್ತೆಯ ಮೇಲೂ ಇದು ಒಳ್ಳೆಯ ರೂಢಿಯಲ್ಲ. ಆದರೆ ಇದೇ ರೂಢಿಯನ್ನು ಹೊಳೆಯ ದಂಡೆಗೂ ಒಯ್ಯುತ್ತೇವಲ್ಲ, ಈ ಬರಹ ಅದರ ಬಗ್ಗೆ. ಗೊತ್ತಿಲ್ಲದ ಘಟ್ಟದಲ್ಲಿ ದೋಣಿ, ಹರಿಗೋಲು ಅಥವಾ ದೊಡ್ಡ ಹಡಗು ಹತ್ತುವಾಗ ಏನು ಎದುರಾಗುತ್ತದೆ, ಏನು ಕೇಳಬೇಕು, ಯಾವಾಗ ಹತ್ತಬಾರದು ಅನ್ನುವುದನ್ನು ನಾನು ನೋಡಿದ್ದು, ಕೇಳಿ ತಿಳಿದದ್ದು ಸೇರಿಸಿ ಬರೆಯುತ್ತಿದ್ದೇನೆ.

ನೀರು ನಮಗೆ ಪರಿಚಯವಿಲ್ಲ

ಕೊಪ್ಪಳ ಒಂದೇ ಜಿಲ್ಲೆಯಾದರೂ ನೀರಿನ ವಿಷಯದಲ್ಲಿ ಎರಡು ನಾಡು. ಗಂಗಾವತಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆಗಳಿವೆ. ಅಲ್ಲಿಯ ಹುಡುಗರು ಕಾಲುವೆಯಲ್ಲಿ ಈಸುತ್ತಲೇ ಬೆಳೆಯುತ್ತಾರೆ. ಕುಷ್ಟಗಿ, ಯಲಬುರ್ಗಾ ಕಡೆ ಬಂದರೆ ಸಜ್ಜೆ, ಜೋಳ, ಕಡಲೆ. ನಮಗೆ ನೀರು ಅಂದರೆ ಬೋರ್‌ವೆಲ್, ನಲ್ಲಿ, ಬೇಸಿಗೆಯಲ್ಲಿ ಟ್ಯಾಂಕರ್. ಮಳೆ ಜೋರಾದ ದಿನ ಹಳ್ಳ ಬಂದರೆ ದಂಡೆಯಲ್ಲಿ ನಿಂತು ನೋಡುತ್ತೇವೆ, ಇಳಿದ ಮೇಲೆ ದಾಟುತ್ತೇವೆ. ನಮ್ಮ ಮನೆಯಲ್ಲಿ ಈಸು ಬರುವವರು ಅಂದರೆ ನಮ್ಮ ಕಾಕಾ ಒಬ್ಬರೇ. ಅವರೂ ಕಲಿತದ್ದು ಬಾವಿಯಲ್ಲಿ. ನಿಂತ ನೀರಿನಲ್ಲಿ ಕಲಿತ ಈಸು ಹರಿಯುವ ಹೊಳೆಯಲ್ಲಿ ಎಷ್ಟು ಆಸರೆಯಾದೀತು ಅನ್ನುವುದನ್ನು ಹೊಳೆದಂಡೆಯವರನ್ನೇ ಕೇಳಬೇಕು.

ಹೊಳೆಯವರಿಗೆ ಈ ದಾಟುವಿಕೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿಯ ಹರಿಗೋಲುಗಳ ಬಗ್ಗೆ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನರನ್ನು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದವು, ಸಾಗುವಾಗ ತಿರುಗುತ್ತಲೇ ಇರುತ್ತಿದ್ದವು ಅಂತ ಅವನು ಹೇಳುತ್ತಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಿರುಗುವುದು ಮಾತ್ರ ಹಾಗೇ ಇದೆ. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ಇನ್ನೂ ನಿಂತಿವೆ. ನಮ್ಮ ಕಾಲದಲ್ಲಿ ಆನೆಗುಂದಿಯ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಈಗ ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆ ಇದೆ. ಆದರೂ ಅಂಜನಾದ್ರಿ ಹತ್ತಿಳಿದ ಮಂದಿಗೆ ಎದುರಿಗೇ ವಿರೂಪಾಕ್ಷನ ಗೋಪುರ ಕಾಣುವಾಗ ಸುತ್ತುಹಾಕಿ ಹೋಗಲು ಮನಸ್ಸು ಬರುವುದಿಲ್ಲ. ದೋಣಿಯ ಕಡೆಗೇ ನಡೆಯುತ್ತಾರೆ.

ಗೇಣು ನೀರಿನ ಲೆಕ್ಕ

ನಾವೂ ಹಾಗೇ ನಡೆದವರು. ಒಂದು ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯವರು, ಬೀಗರು ಸೇರಿ ಹದಿನಾರು ಮಂದಿ ಒಂದೇ ಗಾಡಿಯಲ್ಲಿ ಹೊರಟಿದ್ದೆವು. ಹುಲಿಗೆಮ್ಮನಿಗೆ ಕಾಯಿ ಒಡೆಸಿ, ಸಾಣಾಪುರದ ಮೇಲೆ ಹಾಯ್ದು ಅಂಜನಾದ್ರಿಗೆ ಬಂದೆವು. 575 ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಮಧ್ಯಾಹ್ನ ಆಗಿತ್ತು. ವಿರೂಪಾಪುರಗಡ್ಡೆಯ ದಂಡೆಗೆ ಬಂದಾಗ ಮೋಟಾರು ದೋಣಿ ಆಗಲೇ ಅರ್ಧ ತುಂಬಿತ್ತು. ಅಂಬಿಗ ನಮ್ಮನ್ನು ಎಣಿಸಿ, ಎಂಟು ಮಂದಿ ಬರ್ರಿ, ಉಳಿದವರು ಮುಂದಿನ ಸಲಕ್ಕೆ ಅಂದ.

ಕಾಕಾನಿಗೆ ಅದು ಸೇರಲಿಲ್ಲ. “ಒಂದ ಮನಿ ಮಂದಿ ಅದೀವಿ. ಒಮ್ಮೆಲೇ ಹೋಗ್ತೀವಿ. ಹುಡುಗ್ರು ತೊಡಿ ಮ್ಯಾಲೆ ಕುಂದರ್ತಾವ” ಅಂದರು. ಬೇಕಾದರೆ ರೊಕ್ಕ ಹೆಚ್ಚಿಗೆ ಕೊಡುವುದಾಗಿಯೂ ಹೇಳಿದರು.

“ತೊಡಿ ಮ್ಯಾಲೆ ಕುಂತ್ರ ಭಾರ ಕಡಿಮಿ ಆಕ್ಕೈತೇನ್ರಿ ಯಜಮಾನ್ರ?” ಅಂತ ಅಂಬಿಗ ಕೇಳಿದ. ಆಮೇಲೆ ದೋಣಿಯ ಅಂಚಿನ ಮೇಲೆ ಹೆಬ್ಬೆರಳು ಇಟ್ಟು, ಕಿರುಬೆರಳನ್ನು ನೀರಿನ ಕಡೆ ಚಾಚಿ ತೋರಿಸಿದ. “ನೀವು ಗಾಡ್ಯಾಗ ಜಾಗ ನೋಡ್ತೀರಿ. ನಾವು ಇಲ್ಲಿ ಈ ಗೇಣ ನೋಡ್ತೀವ್ರಿ. ಇದು ಇದ್ರ ನಾವು ಇದ್ದಂಗ.”

ಕಾಕಾ ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. “ನಾ ಹಿಂದಿನ ದೋಣ್ಯಾಗ ಬರ್ತೀನಿ. ನೀವು ಹೋಗ್ರಿ. ಹಂಪಿ ಎಲ್ಲೂ ಓಡಿ ಹೋಗಂಗಿಲ್ಲ” ಅಂದಳು. ಎಲ್ಲರೂ ನಕ್ಕರು. ಹಿರಿಯಳೇ ಕುಳಿತ ಮೇಲೆ ವಾದ ಅಲ್ಲಿಗೆ ಮುಗಿಯಿತು.

ಅಂಬಿಗ ತೋರಿಸಿದ ಆ ಗೇಣನ್ನು ನಾನು ಮರೆತಿಲ್ಲ. ಗಾಡಿಯಲ್ಲಿ ಒಬ್ಬರು ಹೆಚ್ಚಾದರೆ ಕಾಲು ಮಡಚಿಕೊಂಡು ಕೂರಬಹುದು. ದೋಣಿಯಲ್ಲಿ ಒಬ್ಬೊಬ್ಬರು ಹೆಚ್ಚಾದಂತೆ ಅಂಚು ನೀರಿನ ಹತ್ತಿರಕ್ಕೆ ಇಳಿಯುತ್ತದೆ. ಒಂದು ಅಲೆ ಬಂದರೆ, ಒಬ್ಬರು ದಡಕ್ಕನೆ ಎದ್ದರೆ, ಅಂಚಿನ ಮೇಲಿಂದ ನೀರು ಒಳಗೆ ಬರುತ್ತದೆ. ಒಳಗೆ ಬಂದ ನೀರೂ ಭಾರವೇ.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋಗಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹಿಡಿಯಬೇಕಾದದ್ದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಹಾವೇರಿ ಕಡೆಯಿಂದ, ಅಂದರೆ ನಮ್ಮಂಥದೇ ಬಯಲುಸೀಮೆಯಿಂದ ಹೋದ ಕುಟುಂಬದವರೂ ಇದ್ದರು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮುಳುಗಿ 45 ಮಂದಿ ಹೋದರು. ಅಲ್ಲೂ ಜನ ಹೆಚ್ಚಾಗಿದ್ದರು, ದಂಡೆಯ ಕಾಡುಪ್ರಾಣಿ ನೋಡಲು ಒಂದೇ ಮಗ್ಗುಲಿಗೆ ಸರಿದಿದ್ದರು.

ದಂಡೆಯಲ್ಲಿ ನಿಂತು ಕೇಳಬೇಕಾದದ್ದು

ಮೊದಲನೆಯದು, ಡ್ಯಾಂನಿಂದ ನೀರು ಬಿಟ್ಟಿದ್ದಾರೆಯೇ? ಹಂಪಿ, ಆನೆಗುಂದಿ ಎರಡೂ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಕೆಳಗಿವೆ. ನಮ್ಮೂರಲ್ಲಿ ಹನಿ ಮಳೆ ಇಲ್ಲದಿದ್ದರೂ ಮಲೆನಾಡಿನಲ್ಲಿ ಸುರಿದರೆ ಇಲ್ಲಿ ಹೊಳೆ ಏರುತ್ತದೆ. ಟಿವಿಯಲ್ಲಿ ‘ಲಕ್ಷ ಕ್ಯೂಸೆಕ್’ ಅನ್ನುತ್ತಾರಲ್ಲ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಎರಡು ಕೊಡ ಅಂತ ಇಟ್ಟುಕೊಳ್ಳಿ. ಲಕ್ಷ ಕ್ಯೂಸೆಕ್ ಅಂದರೆ ಕಣ್ಣು ಮಿಟುಕಿಸುವುದರಲ್ಲಿ ಎರಡು ಲಕ್ಷ ಕೊಡ ನೀರು ನಿಮ್ಮ ಮುಂದೆ ಹಾಯುತ್ತದೆ. ಹಂಪಿಯ ಪುರಂದರ ಮಂಟಪ ಮುಳುಗಿತು, ಕಂಪ್ಲಿ ಸೇತುವೆ ಮುಳುಗಿತು ಅನ್ನುವ ಸುದ್ದಿ ಬಂದರೆ ದೋಣಿಯ ಆಸೆ ಬಿಡಿ. ಆ ದಿನಗಳಲ್ಲಿ ಆನೆಗುಂದಿಯ ನವವೃಂದಾವನ ಗಡ್ಡೆಗೂ ದಾರಿ ಇರುವುದಿಲ್ಲ.

ಮಳೆಗಾಲದಲ್ಲಿ ಈ ಹೊಳೆಯನ್ನು ನಂಬುವಂತಿಲ್ಲ. 2019ರ ಆಗಸ್ಟ್‌ನಲ್ಲಿ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ನೀರಿನ ನಡುವೆ ಸಿಕ್ಕಿಬಿದ್ದಿದ್ದರು. ಅವರನ್ನು ಕರೆತರಲು ಹೋದ ರಕ್ಷಣಾ ದೋಣಿಯೇ ಒಮ್ಮೆ ಮಗುಚಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಸಂಜೆ ನೋಡಿದ ಹೊಳೆ ಬೆಳಿಗ್ಗೆ ಹಾಗೇ ಇರುತ್ತದೆ ಅಂತ ಹೇಳಲು ಬರುವುದಿಲ್ಲ.

ಎರಡನೆಯದು, ಲೈಫ್ ಜಾಕೆಟ್ ಎಲ್ಲಿ? ಇನ್ನೊಂದು ಘಟ್ಟದಲ್ಲಿ, ಅದರ ಹೆಸರು ಬೇಡ, ಜಾಕೆಟ್‌ಗಳನ್ನು ಗೂಟಕ್ಕೆ ಸಾಲಾಗಿ ತೂಗುಹಾಕಿದ್ದರು. ಕೇಳಿದರೆ ಕೊಟ್ಟರು, ಕೇಳದವರಿಗೆ ಕೊಡಲಿಲ್ಲ. ನಾವು ತೊಟ್ಟವುಗಳಲ್ಲಿ ಎರಡಕ್ಕೆ ಬಕಲ್ ಇರಲಿಲ್ಲ. ಜಾಕೆಟ್ ಇಸಿದುಕೊಂಡ ಮೇಲೆ ಹೊಟ್ಟೆಯ ಮೇಲಿನ ಪಟ್ಟಿ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಅದು ಕಿವಿಯ ತನಕ ಬಂದರೆ ಸಡಿಲಾಗಿದೆ ಎಂದರ್ಥ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ಮಗು ಅದರೊಳಗಿಂದ ಜಾರುತ್ತದೆ. ಸಣ್ಣದು ಕೇಳಿ. ಇಲ್ಲ ಅಂದರೆ ಆ ಮಗುವನ್ನು ಹತ್ತಿಸಬೇಡಿ.

ಮೂರನೆಯದು, ಕೊನೆಯ ದೋಣಿ ಎಷ್ಟಕ್ಕೆ? ಸಂಜೆಯಾಗುತ್ತಲೇ ಇಲ್ಲಿ ದೋಣಿ ನಿಲ್ಲುತ್ತವೆ. ಗಾಡಿ ಈ ದಂಡೆ, ನೀವು ಆ ದಂಡೆ ಆದರೆ ರಾತ್ರಿ ಸುತ್ತುಹಾಕಿ ಬರಬೇಕಾಗುತ್ತದೆ. ಕೊನೆಯ ದೋಣಿಗೇ ನೂಕುನುಗ್ಗಲು ಹೆಚ್ಚು. ಅದಕ್ಕಿಂತ ಎರಡು ದೋಣಿ ಮೊದಲೇ ಬಂದುಬಿಡಿ.

ಹತ್ತುವಾಗ ಅಂಚಿನ ಮೇಲೆ ಕಾಲಿಡಬೇಡಿ, ಅಂಬಿಗನ ಕೈ ಹಿಡಿದು ನಡುವಿಗೆ ಇಡಿ. ಹರಿಗೋಲು ದುಂಡಗಿರುವುದರಿಂದ ಕಾಲಿಟ್ಟ ಕೂಡಲೇ ವಾಲುತ್ತದೆ. ಹೆದರಿ ಎದುರಿಗಿದ್ದವರನ್ನು ಜಗ್ಗಬೇಡಿ, ಹಾಗೇ ಕುಳಿತುಬಿಡಿ. ಹೆಂಗಸರು ಸೆರಗು, ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡರೆ ಕಾಲಿಗೆ ತೊಡರುವುದಿಲ್ಲ. ಕೆಲವರು ಹರಿಗೋಲನ್ನು ಬುಗುರಿಯಂತೆ ತಿರುಗಿಸಿ ತೋರಿಸುತ್ತಾರೆ. ವಯಸ್ಸಾದವರು, ತಲೆತಿರುಗುವವರು ಇದ್ದರೆ ‘ತಿರುಗಿಸಬ್ಯಾಡ್ರಿ’ ಅಂತ ಮೊದಲೇ ಹೇಳಿ. ಸೆಲ್ಫಿಗೆ ಎದ್ದು ನಿಲ್ಲುವುದು ಬೇಡ.

ಒಂದು ಗಾಡಿಯ ಮಂದಿ ಎರಡು ದೋಣಿಯಾಗಿ ಹೋಗುವುದಾದರೆ ಪ್ರತಿ ದೋಣಿಯಲ್ಲೂ ಗಟ್ಟಿಯಾದ ಒಬ್ಬ ದೊಡ್ಡವರು ಮತ್ತು ಒಂದು ಫೋನ್ ಇರಲಿ. ಮಕ್ಕಳು ಅವರವರ ತಾಯಿಯ ಜೊತೆಗೇ ಇರಲಿ. ಆಚೆ ದಂಡೆಯಲ್ಲಿ ಎಲ್ಲಿ ಕಾಯಬೇಕು ಅಂತ ಹತ್ತುವ ಮೊದಲೇ ಮಾತಾಡಿಕೊಳ್ಳಿ. ನಮ್ಮ ಅಮ್ಮ ಹತ್ತು ನಿಮಿಷ ತಡವಾಗಿ ಬಂದಳು, ಅಷ್ಟೇ. ನಡುಹೊಳೆಯಲ್ಲಿ ಎಲೆ ಅಡಿಕೆ, ಎರಡು ರೂಪಾಯಿ ಬಿಟ್ಟು ಕೈ ಮುಗಿದಳಂತೆ.

ದೊಡ್ಡ ಹಡಗಾದರೂ ಮಾತು ಅದೇ

ಈಗ ನಮ್ಮ ಕಡೆಯ ಹುಡುಗರು ಮುಂಬೈ, ಗೋವಾಕ್ಕೆ ಹೋಗಿ ನಿಜವಾದ ಕ್ರೂಸ್ ಹಡಗು ಹತ್ತುವ ಮಾತಾಡುತ್ತಾರೆ. ಕೊಪ್ಪಳದ ಮೇಲೆ ಹಾಯುವ ಅಮರಾವತಿ ಎಕ್ಸ್‌ಪ್ರೆಸ್ ಹಿಡಿದರೆ ವಾಸ್ಕೋ ತನಕ ಗಾಡಿ ಬದಲಿಸುವುದೇ ಬೇಡ. ಮರ್ಮಗೋವಾ ಬಂದರು ಅಲ್ಲೇ ಇದೆ. ಆದರೆ ಬಂದರು ಬಸ್‌ಸ್ಟ್ಯಾಂಡ್ ಅಲ್ಲ. ಹಡಗು ಬಿಡುವ ಹೊತ್ತು ಬೇರೆ, ಹತ್ತುವ ಬಾಗಿಲು ಮುಚ್ಚುವ ಹೊತ್ತು ಬೇರೆ. ಬಾಗಿಲು ಬಹಳ ಮೊದಲೇ ಮುಚ್ಚುತ್ತದೆ. ಟಿಕೆಟ್‌ನಲ್ಲಿ ಬರೆದ ಹೊತ್ತಿಗೆ ಹೋಗಬೇಕು, ಹಿಂದಿನ ದಿನವೇ ಆ ಊರು ಸೇರಿದರೆ ಒಳ್ಳೆಯದು. ದೇಶದೊಳಗಿನ ಯಾನಕ್ಕೆ ಸರ್ಕಾರಿ ಗುರುತಿನ ಚೀಟಿ ಬೇಕು, ಹೊರದೇಶ ಮುಟ್ಟಿದರೆ ಪಾಸ್‌ಪೋರ್ಟ್. ನಮ್ಮಲ್ಲಿ ಆಧಾರ್‌ನಲ್ಲಿ ಒಂದು ಹೆಸರು, ಕರೆಯುವುದು ಇನ್ನೊಂದು. ಟಿಕೆಟ್ ಮಾಡಿಸುವಾಗ ಚೀಟಿಯಲ್ಲಿ ಇರುವುದನ್ನೇ ಅಕ್ಷರ ಬಿಡದೆ ಬರೆಸಿ. ದೊಡ್ಡ ಬ್ಯಾಗುಗಳನ್ನು ದಂಡೆಯಲ್ಲೇ ಚೀಟಿ ಕಟ್ಟಿ ತೆಗೆದುಕೊಳ್ಳುತ್ತಾರೆ, ಅವು ಕೋಣೆಗೆ ಬರುವುದು ತಡ. ಬಿಪಿ, ಶುಗರ್ ಗುಳಿಗೆ, ಚೀಟಿ, ರೊಕ್ಕ ಕೈಚೀಲದಲ್ಲೇ ಇರಲಿ.

ಹತ್ತಿದ ಮೇಲೆ ಒಂದು ಕಸರತ್ತು ಮಾಡಿಸುತ್ತಾರೆ. ಅಪಾಯವಾದರೆ ಎಲ್ಲಿ ಸೇರಬೇಕು, ಜಾಕೆಟ್ ಎಲ್ಲಿದೆ, ಯಾವ ಸದ್ದು ಬಂದರೆ ಏನರ್ಥ ಅಂತ ತೋರಿಸುತ್ತಾರೆ. ಊಟಕ್ಕೆ ತಡವಾಯಿತು ಅಂತ ಅದನ್ನು ತಪ್ಪಿಸಬೇಡಿ. 2012ರ ಜನವರಿ 13ರಂದು ಇಟಲಿಯ ಹತ್ತಿರ ಕೋಸ್ಟಾ ಕಾನ್ಕಾರ್ಡಿಯಾ ಎಂಬ ದೊಡ್ಡ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಆ ದಿನ ಚಿವಿಟವೆಕಿಯಾ ಎಂಬ ಬಂದರಿನಲ್ಲಿ ಹೊಸದಾಗಿ ಹತ್ತಿದ್ದ ನೂರಾರು ಜನರಿಗೆ ಈ ಕಸರತ್ತು ಇನ್ನೂ ಆಗಿರಲಿಲ್ಲ. ಆಮೇಲೆ ಜಗತ್ತಿನ ಹಡಗುಗಳಿಗೆಲ್ಲ ನಿಯಮ ಬಿಗಿಯಾಯಿತು. ಈಗ ಹಡಗು ಬಿಡುವ ಮೊದಲು ಅಥವಾ ಬಿಟ್ಟ ಕೂಡಲೇ ಇದು ಆಗಲೇಬೇಕು.

ಅಷ್ಟು ದೊಡ್ಡ ಹಡಗಿನಲ್ಲಿ ಲೆಕ್ಕ ನೋಡಲು ನೂರು ಜನ ಇರುತ್ತಾರೆ. ನಮ್ಮ ಹೊಳೆಯ ದೋಣಿಯಲ್ಲಿ ಇರುವುದು ಒಬ್ಬನೇ ಅಂಬಿಗ. ದಿನದ ದುಡಿಮೆ ನೋಡಿದರೆ ಹೆಚ್ಚು ಮಂದಿ ಹತ್ತಿದಷ್ಟೂ ಅವನಿಗೆ ಲಾಭ. ಅಂಥವನೇ ‘ಇಷ್ಟೇ ಮಂದಿ ಬರ್ರಿ’ ಅಂದಾಗ ಅವನ ಜೊತೆ ವಾದಕ್ಕೆ ನಿಲ್ಲಬೇಡಿ. ಅವನು ಹೇಳದೆ ತುಂಬುತ್ತಲೇ ಹೋದರೆ, ನೀವೇ ಇಳಿದು ಮುಂದಿನ ದೋಣಿಗೆ ಕಾಯಿರಿ. ಒಬ್ಬರು ಇಳಿದರೆ ಹಿಂದೆ ನಾಲ್ಕು ಮಂದಿಯಾದರೂ ಇಳಿಯುತ್ತಾರೆ.