ಮೂರನೆಯವನು

ಭಾನುವಾರದ ಆರಾಧನೆ ಮುಗಿದು ಜನರು ಇಗರ್ಜಿಯ ಮೆಟ್ಟಿಲಿಳಿಯುವಾಗ ಅವರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳಿರುತ್ತವೆ. ಗುರುಗಳ ಪ್ರಸಂಗ ಹೇಗಿತ್ತೆಂಬುದು ಒಂದು. ಹಾಡುವವರ ಮೇಳ ಹೇಗೆ ಹಾಡಿತೆಂಬುದು ಇನ್ನೊಂದು. ಇವೆರಡೂ ತಮ್ಮ ಕಿವಿಗೆ ಬಂದು ಮುಟ್ಟಿದ್ದು ಹೇಗೆಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ, ಗೋಡೆಯ ಬದಿಯಲ್ಲಿ ತಂತಿ ಸುತ್ತುತ್ತ ಕುಳಿತಿರುವ ಒಬ್ಬನ ಕಡೆಗೆ ಕೈ ತೋರಿಸಬೇಕಾಗುತ್ತಿತ್ತು. ವಾರದ ಪತ್ರಿಕೆಯನ್ನು ಬರೆದು ಅಚ್ಚಿಗೆ ಕೊಟ್ಟವನು ಅವನು. ಸೂಚನಾಫಲಕದ ಹಳೆಯ ಕಾಗದವನ್ನು ಕಿತ್ತು ಹೊಸದನ್ನು ಅಂಟಿಸಿದವನು ಅವನು. ಮದುವೆಯ ಪ್ರಕಟಣೆಗಾಗಿ ವಧುವಿನ ತಂದೆಯ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡವನು, ಧ್ವನಿವರ್ಧಕದ ಕೀರಲನ್ನು ಅಡಗಿಸಿದವನು, ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಕ್ಕಳಿಗೂ ಹುಟ್ಟೂರಿನ ಆರಾಧನೆ ಕಾಣಲೆಂದು ಕ್ಯಾಮರಾದ ಹಿಂದೆ ನಿಂತವನು, ನಸುಕಿನಲ್ಲಿ ಒಬ್ಬರು ತೀರಿಕೊಂಡರೆಂಬ ಸುದ್ದಿಯನ್ನು ಸಭೆಯ ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಮನೆಯವರನ್ನು ಕೇಳಿ ನಿಶ್ಚಯಿಸಿಕೊಂಡವನು, ಎಲ್ಲ ಅವನೇ.

ಅವನ ಕೆಲಸದ ಲಕ್ಷಣವೇ ವಿಚಿತ್ರ. ಸರಿಹೋದರೆ ಅದು ತನ್ನಷ್ಟಕ್ಕೆ ಆಯಿತೆನ್ನುತ್ತಾರೆ. ಕೆಟ್ಟರೆ ಅವನು ಕೆಡಿಸಿದನೆನ್ನುತ್ತಾರೆ. ಹಬ್ಬದ ದಾನಿಗಳ ಪಟ್ಟಿಯಲ್ಲಿ ನೂರು ಹೆಸರುಗಳು ತಪ್ಪಿಲ್ಲದೆ ಅಚ್ಚಾದರೆ ಒಬ್ಬರೂ ಕರೆದು ಹೇಳರು; ಬಿಟ್ಟುಹೋದ ನೂರೊಂದನೆಯ ಹೆಸರಿನವರು ಮಾತ್ರ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ದೂರವಾಣಿಯಲ್ಲಿ ಸಿಕ್ಕುತ್ತಾರೆ. ಇದಕ್ಕೆ ಸಂಬಳವೂ ಸಾಮಾನ್ಯವಾಗಿ ಇರುವುದಿಲ್ಲ. ಹಗಲೆಲ್ಲ ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ದುಡಿದು ಬಂದವನು, ಮನೆಯವರು ಮಲಗಿದ ಮೇಲೆ, ಬರುವ ವಾರದ ಪತ್ರಿಕೆಯ ಕರಡು ತಿದ್ದಲು ಕೂಡುತ್ತಾನೆ.

ಇಂಥವನಿಗೆ ಒಂದಲ್ಲ ಒಂದು ರಾತ್ರಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಪ್ರಾರ್ಥನೆ ನಡೆಸುವವನದು ದೇವರ ಕೆಲಸ. ರೋಗಿಯ ಹಾಸಿಗೆಯ ಬಳಿ ಕುಳಿತು ಬರುವವನದೂ ದೇವರ ಕೆಲಸ. ಕಾಗುಣಿತ ತಿದ್ದುವವನದು ಯಾರ ಕೆಲಸ? ಈ ಪ್ರಶ್ನೆಗೆ ಉತ್ತರ ಸಿಗದೆ ಹೋದವರಲ್ಲಿ ಕೆಲವರು ಕೆಲಸವನ್ನು ಬಿಡುತ್ತಾರೆ. ಇನ್ನು ಕೆಲವರು ಕೆಲಸವನ್ನು ಬಿಡದೆ ಭಕ್ತಿಯನ್ನೇ ಬಿಡುತ್ತಾರೆ; ಹೊರಗಿನಿಂದ ನೋಡುವವರಿಗೆ ಅದು ತಿಳಿಯುವುದೂ ಇಲ್ಲ.

ಉತ್ತರಕ್ಕಾಗಿ ಅವನು ಬಹುದೂರ ಹೋಗಬೇಕಾದ್ದಿಲ್ಲ. ತಾನು ವಾರವಾರವೂ ತೆರೆಯುವ ಬೈಬಲ್ಲಿನ ಮೂಲೆಗಳನ್ನು ಒಮ್ಮೆ ನೋಡಿದರೆ ಸಾಕು. ಕ್ರಿಸ್ತಶಕ 57ರ ಸುಮಾರಿಗೆ ಪೌಲನು ಗ್ರೀಸಿನ ಕೊರಿಂಥ ಪಟ್ಟಣದಲ್ಲಿದ್ದು, ತಾನು ಇನ್ನೂ ಕಂಡಿರದ ರೋಮಾಪುರದ ಸಭೆಗೆ ಒಂದು ಪತ್ರವನ್ನು ಹೇಳಿ ಬರೆಯಿಸಿದನು. ಗ್ರೀಕ್ ಮೂಲದಲ್ಲಿ ಅದು 7,000 ಪದಗಳಿಗೂ ಮಿಕ್ಕಿದ ಬರಹ. ಆ ಕಾಲದ ಪತ್ರಗಳ ನಡುವೆ ಅದೊಂದು ಪರ್ವತವೇ ಸರಿ. ಪಪೈರಸ್ಸಿನ ಒರಟು ಹಾಳೆಯ ಮೇಲೆ ಲಾಳದ ಕಡ್ಡಿಯ ಲೇಖನಿಯನ್ನು ಮಸಿಯಲ್ಲಿ ಅದ್ದಿ ಅದ್ದಿ ಅದನ್ನೆಲ್ಲ ಬರೆದವನು ಪೌಲನಲ್ಲ. ಪತ್ರದ ಕೊನೆಯ ಅಧ್ಯಾಯದಲ್ಲಿ, ವಂದನೆಗಳ ಸಾಲಿನ ನಡುವೆ, ಬರೆದವನು ತಾನೆಂದು ಹೇಳಿ ತನ್ನದೂ ಒಂದು ವಂದನೆ ಸೇರಿಸಿದವನೊಬ್ಬನಿದ್ದಾನೆ. ಅವನ ಹೆಸರು ತೆರ್ತ್ಯ. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ 'ಮೂರನೆಯವನು' ಎಂದು ಅರ್ಥ. ಮುಂದಿನ ವಾಕ್ಯದಲ್ಲಿಯೇ ಕ್ವರ್ತ ಎಂಬೊಬ್ಬನು ಬರುತ್ತಾನೆ, ಅವನು 'ನಾಲ್ಕನೆಯವನು'! ಮಕ್ಕಳಿಗೆ, ಅದರಲ್ಲಿಯೂ ಮನೆಯ ಗುಲಾಮರಿಗೆ, ಹೀಗೆ ಎಣಿಕೆಯ ಹೆಸರಿಡುವುದು ರೋಮನರಲ್ಲಿ ರೂಢಿಯಲ್ಲಿತ್ತು.

ಮೂರನೆಯವನೆಂಬುದು ಅವನಿಗೆ ಎಂಥ ತಕ್ಕ ಹೆಸರು! ಹೇಳುವವನು ಒಬ್ಬ, ಕೇಳುವವನು ಒಬ್ಬ. ಇಬ್ಬರ ನಡುವೆ ನಿಂತವನು ಮೂರನೆಯವನು. ಆ ಪತ್ರದ ಸಾಲುಗಳನ್ನು ಓದಿದ ಮೇಲೆ ಆಗಸ್ಟೀನನ ಬಾಳು 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ತಿರುಗಿತು. ಹದಿನಾರನೆಯ ಶತಮಾನದಲ್ಲಿ ಲೂಥರನು ಅದೇ ಪತ್ರವನ್ನು ಹಿಡಿದು ಯೂರೋಪನ್ನು ಅಲುಗಿಸಿದನು. ಆ ಪತ್ರಕ್ಕೆ ಲೂಥರನು ಬರೆದ ಮುನ್ನುಡಿಯನ್ನು ಓದುತ್ತಿದ್ದಾಗ, 1738ರ ಮೇ 24ರ ಸಂಜೆ, ಲಂಡನ್ನಿನ ಒಂದು ಕೂಟದಲ್ಲಿ ಕುಳಿತಿದ್ದ ಜಾನ್ ವೆಸ್ಲಿಯ ಹೃದಯದಲ್ಲಿ ಕಾವು ಹುಟ್ಟಿತು. ಈ ಎಲ್ಲ ಮಾತುಗಳೂ ಮೊದಲು ಹಾದುಬಂದದ್ದು ತೆರ್ತ್ಯನ ಬೆರಳುಗಳ ಮೂಲಕ. ಬರೆಯುತ್ತ ಬರೆಯುತ್ತ ಅವನ ಬೆನ್ನು ನೋಯದೆ ಇದ್ದೀತೆ? ಇದು ಪೌಲನ ಕೆಲಸ, ತನ್ನದೇನಿದೆ ಎಂದು ಅವನು ಅಸಡ್ಡೆಯಿಂದ ಅರ್ಧ ಸಾಲು ನುಂಗಿದ್ದರೆ ಏನಾಗುತ್ತಿತ್ತು?

ಬರೆದದ್ದು ಮುಟ್ಟದೆ ಹೋದರೆ ಬರೆದೂ ವ್ಯರ್ಥ. ಕೊರಿಂಥದ ಪೂರ್ವದ ರೇವಾದ ಕೆಂಖ್ರೆಯ ಸಭೆಯಲ್ಲಿ ಸೇವಕಿಯಾಗಿದ್ದ ಫೊಯಿಬೆ ಎಂಬ ಮಹಿಳೆಯನ್ನು ಚೆನ್ನಾಗಿ ಬರಮಾಡಿಕೊಳ್ಳಬೇಕೆಂದು ಪೌಲನು ಆ ಪತ್ರದಲ್ಲಿಯೇ ರೋಮಿನವರಿಗೆ ಶಿಫಾರಸು ಮಾಡಿದ್ದಾನೆ. ಪತ್ರವನ್ನು ಹೊತ್ತು ತಂದವಳು ಆಕೆಯೇ ಎಂದು ಪಂಡಿತರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಂಚೆಯ ಏರ್ಪಾಡು ರಾಜಕಾರ್ಯಕ್ಕೆ ಮಾತ್ರ ಮೀಸಲಾಗಿದ್ದ ಕಾಲ ಅದು. ಸಾಮಾನ್ಯರ ಪತ್ರ ಹೋಗಬೇಕಾದರೆ ನಂಬಿಕೆಯ ಮನುಷ್ಯರು ಹೋಗಬೇಕು. ಸುವಾರ್ತೆಯೆಂಬ ಮಾತಿನೊಳಗೇ ವಾರ್ತೆಯಿದೆ. ವಾರ್ತೆಯೆಂದ ಮೇಲೆ ಅದನ್ನು ಒಯ್ಯುವವರು ಇರಲೇಬೇಕು. ಕಾಗುಣಿತ ತಿದ್ದುವವನದು ಯಾರ ಕೆಲಸವೆಂಬ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇಲ್ಲಿದೆ.

ಇನ್ನರ್ಧವು ದಣಿದವನಿಗೆ ಸಂಬಂಧಿಸಿದ್ದು. ತೆರ್ತ್ಯನಿಗಿಂತ ಆರು ಶತಮಾನಗಳ ಹಿಂದೆ, ಯೆರೂಸಲೇಮಿನಲ್ಲಿ, ಪ್ರವಾದಿ ಯೆರೆಮೀಯನ ಮಾತುಗಳನ್ನು ಬರೆದುಕೊಳ್ಳುತ್ತಿದ್ದ ಬಾರೂಕನೆಂಬ ಲೇಖಕನಿದ್ದನು. ಪ್ರವಾದಿಗೆ ದೇವಾಲಯದೊಳಗೆ ಹೋಗುವ ಹಾಗಿರಲಿಲ್ಲ. ಆದುದರಿಂದ ಸುರುಳಿಯನ್ನು ಬರೆದವನೂ ಬಾರೂಕನೇ, ಹೋಗಿ ಜನರ ಮುಂದೆ ಗಟ್ಟಿಯಾಗಿ ಓದಿದವನೂ ಬಾರೂಕನೇ. ಸುದ್ದಿ ಅರಮನೆಗೆ ಹೋಯಿತು. ಚಳಿಗಾಲ, ಅರಸ ಯೆಹೋಯಾಕೀಮನು ಅಗ್ಗಿಷ್ಟಿಕೆಯ ಮುಂದೆ ಕುಳಿತಿದ್ದನು. ಆ ಸುರುಳಿಯನ್ನು ಮೂರು ನಾಲ್ಕು ಅಂಕಣಗಳಷ್ಟು ಓದಿಸಿ ಕೇಳುವುದು, ಕೇಳಿದಷ್ಟನ್ನು ಚೂರಿಯಿಂದ ಕೊಯ್ದು ಬೆಂಕಿಗೆ ಹಾಕುವುದು, ಹೀಗೆ ಇಡೀ ಸುರುಳಿ ಬೂದಿಯಾಯಿತು. ಆ ಚೂರಿ ಯುದ್ಧದ ಚೂರಿಯಲ್ಲ. ಲೇಖಕರು ಲೇಖನಿಯನ್ನು ಹದ ಮಾಡಿಕೊಳ್ಳುವ ಚೂರಿ. ಬರೆಯುವವನ ಸಾಧನದಿಂದಲೇ ಬರೆದದ್ದು ನಾಶವಾಯಿತು.

ಬಾರೂಕನು ಮನುಷ್ಯನೇ ಅಲ್ಲವೆ? ಆ ಬರವಣಿಗೆಯ ವರ್ಷದಲ್ಲಿಯೇ ಅವನು ನಿಟ್ಟುಸಿರುಬಿಟ್ಟು ಬಿಟ್ಟು ದಣಿದೆನೆಂದೂ ತನಗೆ ನೆಮ್ಮದಿಯೇ ಇಲ್ಲವೆಂದೂ ಗೋಳಾಡಿದನೆಂದು ಯೆರೆಮೀಯನ ಗ್ರಂಥ ಹೇಳುತ್ತದೆ. ಅವನ ಗೋಳಿಗಾಗಿ ಆ ದೊಡ್ಡ ಗ್ರಂಥದಲ್ಲಿ ಐದೇ ವಚನಗಳ ಒಂದು ಅಧ್ಯಾಯ ಮೀಸಲಾಗಿದೆ. ಅರಸರಿಗೂ ರಾಜ್ಯಗಳಿಗೂ ಹೇಳಿದ ಭವಿಷ್ಯವಾಣಿಗಳ ನಡುವೆ ಒಬ್ಬ ಗುಮಾಸ್ತನ ದಣಿವಿಗೂ ದೇವರು ಉತ್ತರ ಕೊಟ್ಟನೆಂಬುದೇ ಒಂದು ಸಮಾಧಾನ. ಆ ಉತ್ತರ ಹಿತವಾಗಿ ಮಾತ್ರ ಇಲ್ಲ. ತನಗಾಗಿ ದೊಡ್ಡದನ್ನು ಬಯಸಬೇಡವೆಂದು ಮೊದಲು ಎಚ್ಚರಿಕೆ. ಅವನು ಹೋದಲ್ಲೆಲ್ಲ ಅವನ ಪ್ರಾಣವನ್ನು ಕಾಯುವೆನೆಂದು ಅನಂತರ ಅಭಯ. ಹೆಸರಿನ ಮಾತು ಎಲ್ಲಿಯೂ ಇಲ್ಲ, ಜೀವದ ಮಾತಿದೆ. ಬಾರೂಕನು ಮತ್ತೊಂದು ಸುರುಳಿಯನ್ನು ತೆಗೆದುಕೊಂಡು ಮೊದಲಿನಿಂದ ಬರೆದನು. ಸುಟ್ಟುಹೋದ ಮಾತುಗಳೆಲ್ಲ ಅದರಲ್ಲಿ ಬಂದುವು. ಅಂಥವೇ ಇನ್ನೂ ಹಲವು ಸೇರಿಕೊಂಡವು. ಸುಟ್ಟವನ ಚೂರಿಗಿಂತ ಬರೆದವನ ತಾಳ್ಮೆ ಹೆಚ್ಚು ಕಾಲ ಬಾಳಿತು.

ಈ ತಾಳ್ಮೆಯ ಕುರುಹು ಕನ್ನಡನಾಡಿನಲ್ಲಿಯೂ ಇದೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ವೃತ್ತಪತ್ರಿಕೆಯೆಂಬ ಹಿರಿಮೆ ಅದಕ್ಕೆ ಸಂದಿದೆ. ಅದು ಕಲ್ಲಚ್ಚಿನ ಪತ್ರಿಕೆ. ನುಣುಪಾಗಿ ತಿಕ್ಕಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯ ಅಕ್ಷರಗಳನ್ನು ಮೂಡಿಸಬೇಕು; ಒಂದೊಂದು ಪ್ರತಿಗೂ ಕಲ್ಲನ್ನು ನೀರಿನಿಂದ ತೇವ ಮಾಡಿ, ಮಸಿಯ ಉರುಳೆಯನ್ನು ಹಾಯಿಸಿ, ಕಾಗದವಿಟ್ಟು ಒತ್ತಬೇಕು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆಯಲ್ಲಿ ಊರ ವರ್ತಮಾನವಿತ್ತು, ಸರಕಾರದ ಆಜ್ಞೆಗಳಿದ್ದುವು, ಕಥೆಗಳಿದ್ದುವು. ವರುಷ ತುಂಬುವ ಮುನ್ನವೇ, 1844ರಲ್ಲಿ, ಅದು ಬಳ್ಳಾರಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ವರುಷವನ್ನೂ ಕಾಣದ ಆ ಹೆಸರಿನ ನೆನಪಿಗಾಗಿ ಕರ್ನಾಟಕದ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮಂಗಳೂರಿನ ಅದೇ ಮಿಶನ್ನಿನ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲ್ ಅವರ ನಿಘಂಟು, 1,700ಕ್ಕೂ ಹೆಚ್ಚು ಪುಟಗಳ ಆ ಮಹಾಗ್ರಂಥ, ಹೊರಬಂದಿತು. ಮೋಗ್ಲಿಂಗರ ಹೆಸರನ್ನೂ ಕಿಟ್ಟೆಲರ ಹೆಸರನ್ನೂ ಶಾಲೆಯ ಮಕ್ಕಳು ಬಲ್ಲರು. ಕಲ್ಲು ತಿಕ್ಕಿದ ಕೈ, ಮೊಳೆ ಜೋಡಿಸಿದ ಕೈ, ಕರಡಿನಲ್ಲಿ ಒತ್ತಕ್ಷರ ತಿದ್ದಿದ ಕೈ ಯಾರದೆಂದು ಕೇಳುವವರಿಲ್ಲ. ಆದರೂ ಆ ಕೈಗಳಿಲ್ಲದೆ ಆ ಹೆಸರುಗಳಿಲ್ಲ.

ಬಾಗಿಲು ಮುಚ್ಚಿದಾಗ ಈ ಕೈಗಳ ಬೆಲೆ ತಿಳಿಯುತ್ತದೆ. 1594ರಲ್ಲಿ ಫ್ರಾನ್ಸಿಸ್ ದ ಸೇಲ್ಸ್ ಎಂಬ ತರುಣ ಗುರು ಜಿನೀವಾ ಸರೋವರದ ದಕ್ಷಿಣದ ಶಾಬ್ಲೆ ಸೀಮೆಗೆ ಹೋದಾಗ ಅಲ್ಲಿನ ಜನ ಅವನ ಪ್ರಸಂಗಕ್ಕೆ ಬರಲೊಲ್ಲದೆ ಹೋದರು. ಅವನು ಹೇಳಬೇಕಾದುದನ್ನು ಹಾಳೆಗಳಲ್ಲಿ ಬರೆದು, ಪ್ರತಿ ಮಾಡಿಸಿ, ಮನೆಬಾಗಿಲುಗಳ ಕೆಳಗಿನ ಸಂದಿನಲ್ಲಿ ತೂರಿಸಿದನು. 1923ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ಅವನನ್ನು ಪತ್ರಕರ್ತರ ಪಾಲಕಸಂತನೆಂದು ಸಾರಿದರು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭಯದಿಂದ ಲೋಕದ ಬಾಗಿಲುಗಳೇ ಮುಚ್ಚಿದವು. ಆ ತಿಂಗಳ 27ರ ಸಂಜೆ ಮಳೆ ಹನಿಯುತ್ತಿದ್ದ ಸಂತ ಪೇತ್ರನ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಅವರು ಪ್ರಾರ್ಥಿಸಿದಾಗ ಎದುರಿಗೆ ಒಬ್ಬ ಭಕ್ತನೂ ಇರಲಿಲ್ಲ, ಕ್ಯಾಮರಾಗಳಿದ್ದುವು. ಆ ಏಪ್ರಿಲ್ 12ರ ಈಸ್ಟರ್ ಹಬ್ಬ ಇಂಡಿಯಾದ ಎಷ್ಟೋ ಮನೆಗಳಿಗೆ ಅಂಗೈಯಗಲದ ಪರದೆಯ ಮೂಲಕವೇ ಬಂದಿತು. ಗೋಡೆಯ ಬದಿಯಲ್ಲಿ ಕೂಡುತ್ತಿದ್ದವನು ಅಂದು ಸಭೆಯ ಬಾಗಿಲ ಸಂದಾದನು.

ಇಷ್ಟು ಹೇಳಿದರೆ ಅವನ ಕಷ್ಟ ತೀರುವುದಿಲ್ಲ. ಅವನ ಕೆಲಸಕ್ಕೆ ತನ್ನದೇ ಆದ ಮಾಯೆಗಳೂ ಉಂಟು. ಮೊದಲನೆಯದು ಎಣಿಕೆಯ ಮಾಯೆ. ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂದು ಪರದೆ ಕ್ಷಣಕ್ಷಣವೂ ಹೇಳುತ್ತಿರುತ್ತದೆ. ಬೇತ್ಲೆಹೇಮಿನ ರಾತ್ರಿ ದೇವದೂತರು ಸುದ್ದಿ ತಂದದ್ದು ಹೊಲದಲ್ಲಿ ಕುರಿ ಕಾಯುತ್ತಿದ್ದ ಕೆಲವೇ ಮಂದಿಗೆ. ಎರಡನೆಯದು ಅವಸರದ ಮಾಯೆ. ಪ್ರಾರ್ಥನೆಗಾಗಿಯೇ ಎಂದು ರೋಗಿಯ ಹೆಸರನ್ನೂ ರೋಗದ ಹೆಸರನ್ನೂ ಕೇಳದೆ ಗುಂಪಿಗೆ ಹಾಕಿದರೆ, ಅವರ ಮಗಳ ಮದುವೆಯ ಮಾತು ಮುರಿದುಬೀಳಬಹುದು. ದೇವರಿಗೆ ಹೆಸರು ಮೊದಲೇ ಗೊತ್ತಿದೆ. ಜನಕ್ಕೆ ಹೇಳುವ ಮುನ್ನ ಮನೆಯವರ ಒಪ್ಪಿಗೆ ಬೇಕು. ಹೇಳುವುದು ಹೇಗೆ ಅವನ ಸೇವೆಯೋ ಹೇಳದೆ ಉಳಿಸುವುದೂ ಹಾಗೆಯೇ. ಮೂರನೆಯದು ಬಣ್ಣದ ಮಾಯೆ. ಖಾಲಿ ಬೆಂಚುಗಳನ್ನು ಮರೆಮಾಡಿ ತುಂಬಿದ ಮೂಲೆಯನ್ನೇ ತೋರಿಸುವ ಚಿತ್ರ ಪ್ರಚಾರಕ್ಕೆ ಚೆನ್ನ, ಸತ್ಯಕ್ಕೆ ಅಲ್ಲ. ಸಭೆಯ ಪತ್ರಿಕೆಯಲ್ಲಿ ಬಂದದ್ದು ನಿಜವೆಂಬ ನಂಬಿಕೆ ಒಮ್ಮೆ ಹೋದರೆ, ಅದೇ ಪತ್ರಿಕೆಯಲ್ಲಿ ಬಂದ ಸುವಾರ್ತೆಯ ಗತಿಯೇನು?

ಇವಕ್ಕೆಲ್ಲ ಮದ್ದು ದೊಡ್ಡದಲ್ಲ. ಸುದ್ದಿಯನ್ನು ಕಳುಹಿಸುವ ಮುನ್ನ ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದಿಕೊಂಡು, ಒಂದೊಂದಕ್ಕೂ ಒಂದು ಕ್ಷಣ ಪ್ರಾರ್ಥಿಸಿದರೆ, ಕಾಗುಣಿತದ ತಪ್ಪೂ ಕಣ್ಣಿಗೆ ಬೀಳುತ್ತದೆ, ಮನಸ್ಸಿನ ತಪ್ಪೂ ಕಣ್ಣಿಗೆ ಬೀಳುತ್ತದೆ. ಸಾವಿರ ಜನರಿಗೆ ಬರೆಯುವ ಬದಲು, ಕಾಲು ನಡೆಯದೆ ಮನೆಯಲ್ಲಿ ಕುಳಿತಿರುವ ಒಬ್ಬ ಮುದುಕಿಗೆ ಬರೆಯುತ್ತಿದ್ದೇನೆಂದು ತಿಳಿದು ಬರೆದರೆ ಮಾತು ತಾನಾಗಿ ಸರಳವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬಡಿಸುವವನೂ ಉಣ್ಣಬೇಕು. ವರುಷವೆಲ್ಲ ಕ್ಯಾಮರಾದ ಹಿಂದೆ ನಿಂತು ಬೆಳಕು ಸರಿಯಿದೆಯೆ, ಶಬ್ದ ಸರಿಯಿದೆಯೆ ಎಂದು ನೋಡುವವನು ಪ್ರಸಂಗದ ಒಂದು ಮಾತನ್ನೂ ಕೇಳಿರುವುದಿಲ್ಲ. ತಿಂಗಳಿಗೊಂದು ಭಾನುವಾರವಾದರೂ ಆ ಕೆಲಸವನ್ನು ಇನ್ನೊಬ್ಬನ ಕೈಗೆ ಕೊಟ್ಟು, ಹೆಂಡತಿ ಮಕ್ಕಳ ಪಕ್ಕದಲ್ಲಿ, ಎಲ್ಲರ ಹಾಗೆ ಬೆಂಚಿನ ಮೇಲೆ ಕುಳಿತುಕೊಳ್ಳುವ ಹಕ್ಕು ಅವನಿಗಿದೆ. ಅವನನ್ನು ಹಾಗೆ ಕೂಡಿಸುವುದು ಸಭೆಯ ಕರ್ತವ್ಯ. ಅಂದು ಧ್ವನಿವರ್ಧಕ ಸ್ವಲ್ಪ ಕೀರಲಿಟ್ಟರೆ ಆಕಾಶವೇನೂ ಬೀಳುವುದಿಲ್ಲ.

ಕೊರಿಂಥದ ಲೇಖಕನಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಪತ್ರದ ತುಂಬ ಪೌಲನ ಮಾತನ್ನೇ ಬರೆದವನು, ಒಂದು ವಾಕ್ಯದಷ್ಟು ಹೊತ್ತು ತಲೆಯೆತ್ತಿ, ರೋಮಿನವರಿಗೆ ತನ್ನ ಸ್ವಂತ ವಂದನೆಯನ್ನು ಹೇಳಿದನು. ಕೂಲಿಯವನಾಗಿ ಹೇಳಲಿಲ್ಲ, ಅವರ ಕರ್ತನಲ್ಲಿಯೇ ತಾನೂ ಪಾಲುಗಾರನೆಂದು ಹೇಳಿದನು. ಪೌಲನು ಅದನ್ನು ಹೊಡೆದುಹಾಕಿಸಲಿಲ್ಲ. ಆಮೇಲೆ ತೆರ್ತ್ಯನು ಮತ್ತೆ ತಲೆ ತಗ್ಗಿಸಿ ಮುಂದಿನ ಸಾಲಿಗೆ ಹೋದನು. ಇನ್ನೂ ಕೆಲವರ ವಂದನೆಗಳು ಬರೆಯುವುದು ಉಳಿದಿತ್ತು.