ಸಗಣಿ, ಕೂದಲು, ಗುಂಡಿ

ಕಲಾವಿದರಿಗೆ ಸ್ಫೂರ್ತಿ ಬರುವುದು ಹಿಮಾಲಯದಿಂದಲೋ, ಹುಣ್ಣಿಮೆಯಿಂದಲೋ, ಕೈಕೊಟ್ಟ ಪ್ರೇಯಸಿಯಿಂದಲೋ ಎಂದು ಬಹಳ ಕಾಲ ನಂಬಿದ್ದೆ. ಇವೆಲ್ಲ ನಮ್ಮ ಬೀದಿಗೆ ಬರುವ ಪೈಕಿಯಲ್ಲವಾದ್ದರಿಂದ, ನಮ್ಮ ಮನೆತನಕ್ಕೂ ಕಲೆಗೂ ಆಗಿಬರುವುದಿಲ್ಲವೆಂದು ನೆಮ್ಮದಿಯಾಗಿದ್ದೆ. ಆ ನೆಮ್ಮದಿ ಕೆಡಿಸಿದವರು ಶೀಲಾ ಗೌಡ.

ಭದ್ರಾವತಿಯಲ್ಲಿ ಹುಟ್ಟಿದ ಈ ಕಲಾವಿದೆ 1990ರ ದಶಕದಲ್ಲಿ ಬಣ್ಣ ಬದಿಗಿಟ್ಟು ಸಗಣಿಗೆ ಕೈಹಾಕಿದರು. ನಮ್ಮಜ್ಜಿಯೂ ದಿನಾ ಬೆಳಗ್ಗೆ ಅದೇ ಮಾಧ್ಯಮದಲ್ಲಿ ಅಂಗಳ ಸಾರಿಸುತ್ತಿದ್ದಳು. ಅಂಗೈ ಬೀಸಿದಲ್ಲೆಲ್ಲ ಕಮಾನು ಕಮಾನಾಗಿ ಗೆರೆ ಮೂಡುತ್ತಿತ್ತು. ಒಣಗುವ ಮೊದಲೇ ಮೊಮ್ಮಕ್ಕಳು ಅದರ ಮೇಲೆ ಓಡಿ ಸಹಿ ಹಾಕಿಬಿಡುತ್ತಿದ್ದೆವು.

2009ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲಿ ಶೀಲಾ, ಸುಮಾರು 4 ಕಿಲೋಮೀಟರ್ ಉದ್ದದ ಕೂದಲ ಹಗ್ಗದಿಂದ ಕಾರಿನ ಬಂಪರುಗಳನ್ನು ತೂಗುಹಾಕಿದರು. ದೃಷ್ಟಿ ತಾಗದಿರಲೆಂದು ನಮ್ಮ ಗಾಡಿಯವರು ಬಂಪರಿಗೆ ಸುತ್ತುವ ಕೂದಲ ಹುರಿಯೇ ಅದಕ್ಕೆ ಪ್ರೇರಣೆ. ಅಜ್ಜಿಯ ಉದುರುಗೂದಲು ಉಂಡೆಯಾಗಿ ಹೆಂಚಿನ ಸಂದಿಯಲ್ಲಿ ಕೂತಿರುತ್ತಿತ್ತು. ಕೂದಲು ಕೊಳ್ಳುವವನು ಬಂದರೆ ಅದಕ್ಕೊಂದು ಸ್ಟೀಲ್ ಲೋಟ. ವೆನಿಸ್ಸಿನ ಸುದ್ದಿ ಕೇಳಿದ್ದರೆ, "ಅಷ್ಟಕ್ಕೆ ಹಂಡೆನೇ ಬರ್ತಿತ್ತಲ್ಲೋ!" ಎನ್ನುತ್ತಿದ್ದಳು.

ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರು ಬಾಳೆಲೆಯ ಮುಂದೆ ಸಾಲಾಗಿ ಕೂತು ಉಣ್ಣುವ ಜನರನ್ನು ಬಿಡಿಸಿದರು. ನೂರಾರು ಪುಟ್ಟ ಮನುಷ್ಯರು, ಪ್ರತಿಯೊಬ್ಬರಿಗೂ ತಮ್ಮದೇ ಭಂಗಿ. ನಾನೂ ಎಷ್ಟೋ ಪಂಕ್ತಿಯಲ್ಲಿ ಕೂತವನೇ. ನನ್ನ ಕಣ್ಣು ಮಾತ್ರ ಹೋಳಿಗೆ ಬರುವ ದಿಕ್ಕಿಗೇ ನೆಟ್ಟಿರುತ್ತಿತ್ತು.

ಈಗ ನಮ್ಮ ಅಂಗಳಕ್ಕೆ ಟೈಲ್ಸ್ ಬಂದಿದೆ. ಬೆರಣಿ ಆನ್‌ಲೈನಿನಲ್ಲಿ ಸಿಗುತ್ತದೆ. ಪಂಕ್ತಿಯೂಟ ಎದ್ದು ಬಫೆಯಾಗಿ ನಿಂತಿದೆ. ಅಜ್ಜಿಯಂತೂ ಇಲ್ಲ. ಬತ್ತದೆ ಉಳಿದ ಸ್ಫೂರ್ತಿಯೆಂದರೆ ರಸ್ತೆ ಗುಂಡಿ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಗುಂಡಿಗೆ ಮೊಸಳೆಯೊಂದನ್ನು ತಂದುಬಿಟ್ಟರು. 2019ರಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಇಳಿಯಲು ಇನ್ನೇನು ಕೆಲವೇ ದಿನಗಳಿರುವಾಗ, ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟನೊಬ್ಬನನ್ನು ನಡೆಸಿದರು. ವಿಡಿಯೊ ನೋಡಿದರೆ ಸಾಕ್ಷಾತ್ ಚಂದ್ರಲೋಕ. ಪಕ್ಕದಲ್ಲಿ ಆಟೋ ಹಾಯುವ ತನಕ. ಊರೆಲ್ಲ ನಕ್ಕಿತು, ರಿಪೇರಿಯವರು ಓಡಿಬಂದರು.

ಇಲ್ಲೊಂದು ತೊಡಕಿದೆ. ಈ ಕಲೆ ಗೆದ್ದ ದಿನವೇ ಅದರ ಸ್ಫೂರ್ತಿಯ ಮೇಲೆ ಡಾಂಬರು ಬೀಳುತ್ತದೆ. ಆದರೂ ಕಲಾಪ್ರೇಮಿಗಳು ಧೈರ್ಯಗೆಡಬೇಕಿಲ್ಲ. ಸಾರಿಸಿದ ಅಂಗಳಕ್ಕೂ ಪಂಕ್ತಿಗೂ ಮರುಹುಟ್ಟಿಲ್ಲದಿರಬಹುದು. ಗುಂಡಿಗೆ ಮಳೆಗಾಲಕ್ಕೊಂದು ಪುನರ್ಜನ್ಮವುಂಟು. ನಾಡಿನ ಕಲಾಪೋಷಕರ ಪಟ್ಟಿಯಲ್ಲಿ, ರಾಜಮಹಾರಾಜರ ಕೆಳಗೆ, ರಸ್ತೆ ಗುತ್ತಿಗೆದಾರರಿಗೂ ಒಂದು ಸಾಲು ಮೀಸಲಿಡುವುದು ನ್ಯಾಯ.