ನಮ್ಮೂರು ಉದ್ಯಮಬಾಗ



ಮೇ ರಜೆ ಬಂತಂದ್ರೆ ಫೇಸ್‌ಬುಕ್ ತುಂಬ ಹುಟ್ಟೂರಿನ ಫೋಟೋಗಳು. ದೊಡ್ಡ ವಾಡೆ, ಮಾವಿನ ತೋಪು, ಅಜ್ಜನ ಕಾಲದ ಜೋಕಾಲಿ. ಖುಷಿಯಿಂದಲೇ ನೋಡ್ತೀನಿ. ಆದ್ರೆ ನಮ್ಮ ಜನ ಊರಿಗೆ ಹೋಗೋದು ಅಂದ್ರೆ ಎಲ್ಲಿಗೆ? ಈ ಸಲ 22 ವರ್ಷದ ಮೇಲೆ ಅವ್ವ, ಹೆಂಡತಿ, ಮಗಳನ್ನ ಕರ್ಕೊಂಡು ಬೆಳಗಾವಿ ಕಡೆ ಹೋಗಿದ್ದೆ.

ಮೊದಲು ಹೋದದ್ದು ಖಾನಾಪುರ ತಾಲೂಕಿನ ಅಜ್ಜನ ಹಳ್ಳಿಗೆ. ಖಾನಾಪುರದ ಮಣ್ಣು ಹಂಚಿಗೆ ಹೆಸರಾದದ್ದು. ಹಂಚಿನ ಭಟ್ಟಿಗೆ ಮಣ್ಣು ಹೊತ್ತ ನಮ್ಮಜ್ಜನ ಮನೆ ಮೇಲೆ ಮಾತ್ರ ಕೊನೇತನಕ ಹುಲ್ಲೇ ಇತ್ತು. ಅಲ್ಲಿನ ಮಳೆಗೆ ಹುಲ್ಲು ಎಷ್ಟು ತಡೀತದ, ನೀವೇ ಹೇಳಿ. ಈಗ ಆ ಜಾಗದಲ್ಲಿ ಗೋಡೆಯೂ ಇಲ್ಲ. ಕೇರಿಯ ತುದಿಗೆ ನಿಂತು ಅವ್ವ ಊರೊಳಗಿನ ಬಾವಿ ತೋರಿಸಿದಳು. "ನಾ ಸೊಸಿಯಾಗಿ ಬಂದಾಗ, ಯಾರರೆ ಬಂದು ಸೇದಿ ಹಾಕೋತನಕ ಕೊಡ ಹಿಡ್ಕೊಂಡು ನಿಂದರ್ತಿದ್ದೆ." ಅಲ್ಲಿತನಕ ಫೋಟೋ ತೆಗೀತಿದ್ದ ಮಗಳು ಮೊಬೈಲ್ ಒಳಗಿಟ್ಟಳು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನ ಹೊಗಳುವವರಿಗೆ ಕೊಟ್ಟ ಉತ್ತರ ನಿಮಗೆಲ್ಲ ಗೊತ್ತು. ನಮ್ಮಪ್ಪ ಆ ಭಾಷಣ ಓದಿರಲಿಲ್ಲ, ಅವನಿಗೆ ಓದು ಬರ್ತಿರಲಿಲ್ಲ. ಆದ್ರೂ ಒಂದು ಚೀಲ ಹಿಡ್ಕೊಂಡು ಹಳ್ಳಿ ಬಿಟ್ಟ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸಕ್ಕೆ ಸೇರಿದ.

ನಾವೂ ಅವನು ಬಂದ ದಾರಿಯಲ್ಲೇ ಬಂದ್ವಿ. ಖಾನಾಪುರ ರಸ್ತೆ, ಮಚ್ಛೆ, ಪೀರನವಾಡಿ, ಆಮೇಲೆ ಉದ್ಯಮಬಾಗ. ಮಜಗಾಂವ ಹತ್ತಿರ ನಾವಿದ್ದ ಪತ್ರಾಸಿನ ಖೋಲಿಗಳ ಜಾಗದಲ್ಲಿ ಈಗ ಕಾಂಪ್ಲೆಕ್ಸ್. ಅಪ್ಪ ಸೈಕಲ್ ಹಿಡ್ಕೊಂಡು ರೈಲು ಹೋಗೋದನ್ನ ಕಾಯ್ತಿದ್ದ ಮೂರನೇ ಗೇಟಿನ ಮೇಲೆ ಸೇತುವೆ ಬಂದಿದೆ. ಫೌಂಡ್ರಿಯ ಗೇಟು, ಕರೀ ಮರಳಿನ ಗುಡ್ಡೆ, ಸುಟ್ಟ ಕಬ್ಬಿಣದ ವಾಸನೆ ಹಂಗೇ ಇವೆ. ಅವ್ವನ ಮುಖ ಅರಳಿದ್ದು ಇಲ್ಲಿ. "ಇಲ್ಲಿ ನಳಕ್ಕ ಯಾರ ಕೈ ಹಚ್ಚಿದ್ರೂ ನಡೀತಿತ್ತು" ಅಂದಳು.

ಹಂಗಂತ ಉದ್ಯಮಬಾಗ ಸ್ವರ್ಗ ಆಗಿರಲಿಲ್ಲ. ಖೋಲಿ ಬಾಡಿಗೆಗೆ ಹೋದ್ರೆ ಕೆಲವರು ಮರಾಠಿಯಲ್ಲಿ ಅಡ್ಡಹೆಸರು ಕೇಳ್ತಿದ್ರು, ಕೆಲವರು ಕನ್ನಡದಲ್ಲಿ. ಗಡಿ ಜಗಳ ಎರಡು ಭಾಷೆಗಳದ್ದು, ಆ ಪ್ರಶ್ನೆ ಎರಡರಲ್ಲೂ ಒಂದೇ. ಫೌಂಡ್ರಿಯೊಳಗೂ ಭಟ್ಟಿ ಮುಂದೆ, ಮರಳಿನಲ್ಲಿ ನಿಂತವರು ಹೆಚ್ಚಾಗಿ ನಮ್ಮವರು. ಆ ಮರಳಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತ್ರೆ ಬರೋ ರೋಗಕ್ಕೆ ಸಿಲಿಕೋಸಿಸ್ ಅಂತಾರೆ. ಕೆಮ್ಮು, ದಮ್ಮು, ಸೊರಗೋದು, ನೋಡೋಕೆ ಟಿಬಿ ಥರಾನೇ. ಅದನ್ನ ಕೆಲಸದಿಂದ ಬರೋ ರೋಗ ಅಂತ 1948ರ ಇಎಸ್‌ಐ ಕಾಯ್ದೆಯ ಮೂರನೇ ಶೆಡ್ಯೂಲಿನಲ್ಲೇ ಸೇರಿಸಿದ್ದರು. ಅಪ್ಪ ಗುತ್ತಿಗೆಯವನು. ಅವನ ಹತ್ತಿರ ಇಎಸ್‌ಐ ಕಾರ್ಡ್ ಇರಲಿಲ್ಲ. ಆಸ್ಪತ್ರೆ ಚೀಟಿಯಲ್ಲಿ ಟಿಬಿ ಅಂತ ಬರೆದ್ರು. ಏನು ಕೆಲಸ ಮಾಡ್ತಿದ್ದೆ ಅಂತ ಯಾರೂ ಕೇಳಲಿಲ್ಲ. 2001ರಲ್ಲಿ ತೀರಿಕೊಂಡ.

"ಹಂಗಾದ್ರ ನಮ್ಮೂರು ಯಾವ್ದು ಪಪ್ಪಾ?" ಅಂತ ಮಗಳು ಕೇಳಿದಳು. ಉದ್ಯಮಬಾಗ ಅಂದೆ. ಹಳ್ಳಿ ನಮ್ಮನ್ನ ಹೊರಗಿಟ್ಟಿತ್ತು. ಇಲ್ಲಿ ಅಪ್ಪನ ಬೆವರಿದೆ, ಉಸಿರಿದೆ. ನನ್ನ ಬಿಎ ಇಲ್ಲಿನ ಪಗಾರದಲ್ಲಿ ಆದದ್ದು. ಊರು ಅಂದ ಮೇಲೆ ಹಕ್ಕಿನಿಂದ ಲೆಕ್ಕ ಕೇಳಬಹುದು.

ಅಪ್ಪನ ಜೋಡಿ ದುಡಿದ ಕಾಕಾ ಒಬ್ಬರು ಗೇಟಿನ ಹತ್ತಿರ ಸಿಕ್ಕರು. ಎರಡು ಮಾತಿಗೊಮ್ಮೆ ಕೆಮ್ಮು. ಅವರ ಮಗನೂ ಅದೇ ಕೆಲಸದಲ್ಲಿದ್ದಾನೆ, ಅವನೂ ಗುತ್ತಿಗೆ.

ಬೆಳಗಾವಿಯ ಸಂಗಾತಿಗಳೇ, ಜಯಂತಿಯ ಬ್ಯಾನರ್ ಕಟ್ಟೋ ಹುರುಪಿನಲ್ಲೇ ಒಂದು ಭಾನುವಾರ ಈ ಖೋಲಿಗಳಿಗೂ ಹೋಗಿ. ಯಾರಿಗೆ ಇಎಸ್‌ಐ ಇದೆ, ಯಾರಿಗಿಲ್ಲ, ಬರ್ಕೊಳ್ಳಿ. ಗುತ್ತಿಗೆಯವರಿಗೂ ಅದು ಸಿಗಬೇಕು ಅಂತ ತಿಳಿಸಿ. ಕೆಮ್ಮು ಇದ್ದವರನ್ನ ಎದೆಯ ಎಕ್ಸ್‌ರೇಗೆ ಕರ್ಕೊಂಡು ಹೋಗಿ, ಮಾಡೋ ಕೆಲಸ ಏನಂತ ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಸಿ. ಮುಂದಿನ ರಜೆಗೆ ನಾನೂ ಬರ್ತೀನಿ.

ಜೈ ಭೀಮ್.